ಉರುಳಗಡ್ಡೆ ಯಾವ ಊರದ್ದು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುಟದಲ್ಲಿ ಬೆಂಗಳೂರಿನ ಹೊಸ ಹೋಟೆಲುಗಳ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಹೋಗಿ ತಿನ್ನುವುದು ಮಾತ್ರ ಕಡಿಮೆ. ಕಳೆದ ತಿಂಗಳು ಮಗಳು ಬಿಡಲಿಲ್ಲ. ಬೆಲ್ಜಿಯಂ ಅಡುಗೆಯ ಒಂದು ಪುಟ್ಟ ಹೋಟೆಲಿಗೆ ಕರೆದುಕೊಂಡು ಹೋದಳು. ಇದ್ದದ್ದು ಆರೇ ಟೇಬಲ್ಲು. ಹೊತ್ತು 11 ಗಂಟೆ. ‘ಇದು ಬ್ರಂಚ್ ಅಪ್ಪಾ, ತಿಂಡಿ ಊಟ ಎರಡೂ ಒಟ್ಟಿಗೆ’ ಅಂದಳು. ಕೋಲಾರದಿಂದ ಮೊದಲ ಬಸ್ಸಿಗೆ ಬರೀ ಕಾಫಿ ಕುಡಿದು ಹೊರಟವನಿಗೆ ಆ ಹೊತ್ತಿಗೆ ಯಾವ ದೇಶದ ಅಡುಗೆಯಾದರೂ ಸರಿ ಅನ್ನಿಸಿತ್ತು.

ಮೊದಲು ವಾಫಲ್ ಬಂತು. ಕಾದ ಕಬ್ಬಿಣದ ಅಚ್ಚಿನ ನಡುವೆ ಒತ್ತಿ ಸುಟ್ಟದ್ದು, ಮೈತುಂಬ ಚೌಕ ಗುಳಿ. ಅದರಲ್ಲೂ ಎರಡು ಬಗೆ ಇದೆಯಂತೆ. ಬ್ರಸೆಲ್ಸಿನದು ತೆಳು ಹಿಟ್ಟಿನದು, ಹಗುರ. ಲಿಯೇಜ್ ಊರಿನದು ಕಣಕದ ಹಾಗೆ ಗಟ್ಟಿ. ಅದಕ್ಕೆ ದಪ್ಪ ಸಕ್ಕರೆ ಹರಳು ಕಲಸಿರುತ್ತಾರೆ, ಅಚ್ಚಿನ ಬಿಸಿಗೆ ಹೊರಗಿನದು ಕರಗಿ ಪಾಕವಾಗುತ್ತದೆ, ಒಳಗಿನದು ಹಾಗೇ ಉಳಿದು ಹಲ್ಲಿಗೆ ಕಟುಂ ಅಂತ ಸಿಗುತ್ತದೆ. ನಮಗೆ ಕೊಟ್ಟದ್ದು ಅದನ್ನೇ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಾಗದದ ಪೊಟ್ಟಣದಲ್ಲಿ ಉರುಳಗಡ್ಡೆ ಫ್ರೈಸು, ಪಕ್ಕದಲ್ಲಿ ಮೇಯನೇಸ್. ಇದನ್ನು ‘ಫ್ರೆಂಚ್’ ಅಂದರೆ ಬೆಲ್ಜಿಯಂನವರಿಗೆ ಸಿಟ್ಟು ಬರುತ್ತದಂತೆ. ಒಮ್ಮೆ ಕಡಿಮೆ ಕಾವಿನಲ್ಲಿ ಕರಿದು, ಆರಲು ಬಿಟ್ಟು, ಮತ್ತೆ ಜಾಸ್ತಿ ಕಾವಿನಲ್ಲಿ ಕರಿಯುತ್ತಾರೆ. ಒಳಗೆ ಮೆತ್ತಗೆ, ಹೊರಗೆ ಗರಿಗರಿ. ಒಂದೆಕರೆ ಉರುಳಗಡ್ಡೆ ಇಡುವವನು ನಾನು, ಬಾಯಿ ಸುಮ್ನಿರುತ್ತಾ? ‘ಗಡ್ಡೆ ಎಲ್ಲೀದಪ್ಪಾ?’ ಅಂತ ಕೇಳಿದೆ. ಬಡಿಸುವ ಹುಡುಗ ‘ಫ್ರೋಜನ್ ಪ್ಯಾಕೆಟ್ ಬರುತ್ತೆ ಸಾರ್, ಇಲ್ಲಿನ ಗಡ್ಡೆ ಕರಿದರೆ ಕಪ್ಪಗಾಗುತ್ತೆ’ ಅಂದ. ಟೇಬಲ್ಲಿನ ಕೆಳಗೆ ಮಗಳು ನನ್ನ ಕಾಲು ತುಳಿದಳು.

ಆ ಮಾತು ಊರಿನವರೆಗೂ ಬಸ್ಸಿನಲ್ಲಿ ಕೊರೆಯಿತು. ಮಾರನೇ ದಿನವೇ ಕೋಲ್ಡ್ ಸ್ಟೋರೇಜಿನಲ್ಲಿಟ್ಟಿದ್ದ ನಮ್ಮದೇ ಗಡ್ಡೆ ತಂದು, ಉದ್ದಕ್ಕೆ ಹೆಚ್ಚಿ, ಎರಡು ಸಲ ಕರಿದೆ. ಹುಡುಗ ಹೇಳಿದ್ದೇ ಸರಿ. ಎರಡನೇ ಸಲ ಎಣ್ಣೆಗೆ ಬಿಟ್ಟು ಒಂದು ನಿಮಿಷ ಆಗಿರಲಿಲ್ಲ, ಬೆಲ್ಲದ ಬಣ್ಣಕ್ಕೆ ತಿರುಗಿತು. ನನ್ನಾಕೆ ಬಾಣಲೆ ನೋಡಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ತೋಟಗಾರಿಕೆ ಓದಿದ ಪಕ್ಕದ ಮನೆ ಹುಡುಗ ಕಾರಣ ಹೇಳಿದ. ತೀರಾ ತಂಪಿನಲ್ಲಿಟ್ಟರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯೇ ಎಣ್ಣೆಯಲ್ಲಿ ಕಂದುವುದು. ಹೊರಗೆ ತೆಗೆದು ಎರಡು ವಾರ ನೆರಳಲ್ಲಿ ಹರಡು ಅಂದ. ಹರಡಿದೆ. ಈ ಸಲ ಬಣ್ಣ ಪರವಾಗಿಲ್ಲ, ಆದರೆ ಹೋಟೆಲಿನದರಷ್ಟು ಗರಿಗರಿ ಇಲ್ಲ. ಅದಕ್ಕೆ ತಳಿಯೇ ಬೇರೆ ಬೇಕಂತೆ. ನಾವು ಜಲಂಧರದಿಂದ ಬರುವ ಕುಫ್ರಿ ಜ್ಯೋತಿ ಬಿತ್ತನೆ ಇಡುತ್ತೇವೆ. ಸಾರಿಗೆ, ಪಲ್ಯಕ್ಕೆ ಅದು ಬಂಗಾರ. ಆದರೆ ಫ್ರೈಸಿಗೆಂದೇ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಕುಫ್ರಿ ಫ್ರೈಸೋನಾ ಅಂತ ಉದ್ದ ಗಡ್ಡೆಯ ತಳಿ ಕೊಟ್ಟಿದೆ. ಬಿತ್ತನೆ ಅಂಗಡಿಯಲ್ಲಿ ಹೆಸರು ಹೇಳಿದರೆ ‘ಜ್ಯೋತಿ ತಗೊಂಡು ಹೋಗಣ್ಣ’ ಅನ್ನುತ್ತಾರೆ. ಬೆಲ್ಜಿಯಂ ನಮ್ಮ ಕರ್ನಾಟಕದ ಆರನೇ ಒಂದು ಪಾಲಿನಷ್ಟೂ ಇಲ್ಲ. ಬಿಂಟ್ಯೆ ಅನ್ನೋ ಪಕ್ಕದ ಹಾಲೆಂಡಿನ ಗಡ್ಡೆ ಇಟ್ಟುಕೊಂಡು ಫ್ರೈಸಿಗೆ ಹೆಸರಾಯಿತು, ಈಗ ಫ್ರೋಜನ್ ಫ್ರೈಸನ್ನು ಜಗತ್ತಿಗೇ ಕಳಿಸುತ್ತದೆ. ಬೆಂಗಳೂರಿಗೆ ಕೋಲಾರ 70 ಕಿಲೋಮೀಟರು, ಅಲ್ವಾ?

ಹಾಗಾಗಿ ತಮ್ಮಲ್ಲಿ ಒಂದು ಕೋರಿಕೆ. ಹೋಟೆಲಿನ ದೀಪ, ಗೋಡೆಯ ಬಣ್ಣ ಎಲ್ಲಾ ಬರೆಯುತ್ತೀರಿ. ಜೊತೆಗೆ ಗಡ್ಡೆ, ಸೊಪ್ಪು, ಹಾಲು ಎಲ್ಲಿಂದ ಬಂತು ಅಂತ ಒಂದು ಸಾಲು ಕೇಳಿ ಬರೆಯಿರಿ. ಇಲ್ಲಿನದು ಯಾಕೆ ಬೇಡ ಅನ್ನುವುದನ್ನೂ ಕೇಳಿ. ಬೇಡ ಅಂದದ್ದು ಯಾಕೆ ಅಂತ ಮಂಡಿಯಲ್ಲಿ ನಮಗೆ ಯಾರೂ ಹೇಳುವುದಿಲ್ಲ, ರೇಟು ಮಾತ್ರ ಹೇಳುತ್ತಾರೆ.

ಮಗಳು ಆ ಹೋಟೆಲಿನವರನ್ನು ವಿಚಾರಿಸಿದಳಂತೆ. ಉದ್ದ ಗಡ್ಡೆ ಇದ್ದರೆ ಒಂದು ಮೂಟೆ ಕಳಿಸಿ, ಕರಿದು ನೋಡುತ್ತೇವೆ ಅಂದಿದ್ದಾರೆ. ಫ್ರೈಸೋನಾ ಬಿತ್ತನೆ ಎಲ್ಲಿ ಸಿಗುತ್ತದೆ ಅಂತ ನಿಮ್ಮ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಲಿ.

– ಒಬ್ಬ ಉರುಳಗಡ್ಡೆ ಬೆಳೆಗಾರ, ಕೋಲಾರ ತಾಲ್ಲೂಕು