ಕಾಣದ ಊರಿನ ಮೇಸ್ತ್ರಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಸಿಂಧನೂರಿನಿಂದ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬರುತ್ತಿದೆ, ನಾಟಿ ಮುಗಿದಿದೆ. ನಿನ್ನ ಅವ್ವನ ಮೊಣಕಾಲು ನೋವು ಮೊದಲಿನಷ್ಟಿಲ್ಲ.

ಹಳೆಯ ಟ್ರ್ಯಾಕ್ಟರ್ ಮಾರಿ ಹೊಸದು ಕೊಳ್ಳಿ ಎಂದು ನೀನು ಹೇಳಿದ ವಿಷಯ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಎಂದು ಬರೆಯಲು ಕುಳಿತಿದ್ದೇನೆ. ನೀನು ಬ್ಯಾಂಕಿನವಳು. ಹೊಸದಕ್ಕೆ ಏಳೆಂಟು ಲಕ್ಷ, ಕಂತು ಇಷ್ಟು, ಹಳೆಯದಕ್ಕೆ ಸಿಗುವುದು ಇಷ್ಟು ಎಂದು ನೀನು ಹಾಕಿದ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮದು ಎಚ್‌ಎಂಟಿ 3511. ಜೆಕೊಸ್ಲೊವಾಕಿಯಾದ ಜೆಟಾರ್ ಕಂಪನಿಯ ತಂತ್ರಜ್ಞಾನ ಪಡೆದು ಎಚ್‌ಎಂಟಿಯವರು 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದರು. 2016ರಲ್ಲಿ ಕೇಂದ್ರ ಸಂಪುಟ ಆ ಘಟಕವನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಮಾಡಿದ ಕಾರ್ಖಾನೆಯೇ ಇಲ್ಲದ ಗಾಡಿಯನ್ನು ನಂಬಿ ಒಕ್ಕಲುತನ ಹೇಗೆ ಮಾಡುತ್ತೀರಿ ಎಂದು ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಆದರೂ ಮಾರುವುದಿಲ್ಲ. ತಾತನ ನೆನಪಿಗಾಗಿ ಇಟ್ಟುಕೊಂಡಿದ್ದೇನೆ ಎಂದು ತಿಳಿಯಬೇಡ. ತಾತನ ನೆನಪಿಗೆ ಅವರ ಕೈಗಡಿಯಾರ ಸಾಕು. ಇದಕ್ಕೆ ಕಾರಣ ಒಬ್ಬ ಮನುಷ್ಯ, ನಾನು ಇದುವರೆಗೂ ಎದುರಿಗೆ ಕಾಣದ ಮನುಷ್ಯ.

ಈ ಸಲ ಗದ್ದೆಗೆ ನೀರು ಕಟ್ಟಿ, ಕಬ್ಬಿಣದ ಗಾಲಿ ಹಾಕಿ ಗಾಡಿಯನ್ನು ಕೆಸರಿಗೆ ಇಳಿಸಿದಾಗ ಅದು ಸ್ವಲ್ಪ ಹೊತ್ತು ಚೆನ್ನಾಗಿ ಎಳೆಯುತ್ತಿತ್ತು. ಆಮೇಲೆ ಬರಬರುತ್ತಾ ಬಲ ಕುಂದಿ ನಡುಗದ್ದೆಯಲ್ಲೇ ನಿಂತುಬಿಡುತ್ತಿತ್ತು. ಸ್ವಲ್ಪ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಕಾಲುವೆಗೆ ನೀರು ಬಿಟ್ಟ ಮೇಲೆ ಇಡೀ ಸೀಮೆಯೇ ಒಮ್ಮೆಲೇ ನಾಟಿಗೆ ಇಳಿಯುವುದು ನಿನಗೆ ಗೊತ್ತೇ ಇದೆ. ಬಾಡಿಗೆಗೆ ಟ್ರ್ಯಾಕ್ಟರ್ ಕೇಳಿದರೆ ಕಾಯಿರಿ ಎನ್ನುತ್ತಾರೆ, ಸಸಿ ಮಡಿಯಲ್ಲಿ ಸಸಿ ಬಲಿಯುತ್ತಾ ಹೋಗುತ್ತದೆ. ಪೇಟೆಯಿಂದ ಬಂದ ಮೆಕ್ಯಾನಿಕ್ ಸದ್ದು ಕೇಳಿ, ಡೀಸೆಲ್ ಪಂಪ್ ಹೋಗಿದೆ, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳೂ ಹೋಗಿವೆ, ಬಿಚ್ಚಿ ಕಳಿಸಬೇಕು, ವಾರ ಬೇಕು ಎಂದ. ನಿನ್ನ ಅವ್ವ ಆ ರಾತ್ರಿ ಊಟ ಮಾಡಲಿಲ್ಲ.

ಪಕ್ಕದ ಹೊಲದವರ ಮಗ ಒಂದು ನಂಬರ್ ಕೊಟ್ಟ. ಹಾವೇರಿ ಕಡೆಯ ಹಿರಿಯರು. ಹಳೆಯ ಟ್ರ್ಯಾಕ್ಟರ್‌ಗಳ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಈಗ ಗ್ಯಾರೇಜು ಬಿಟ್ಟು ಮನೆಯಲ್ಲಿದ್ದಾರೆ. ಕೇಳಿದವರಿಗೆಲ್ಲ ಮೊಬೈಲಿನಲ್ಲೇ ದಾರಿ ಹೇಳುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ನಾನು ಗಾಡಿ ನಿಲ್ಲುವುದನ್ನು ನಿನ್ನ ತಮ್ಮನಿಂದ ವಿಡಿಯೋ ಮಾಡಿಸಿ ಕಳಿಸಿದೆ. ರಾತ್ರಿ ಊಟದ ಹೊತ್ತಿಗೆ ಅವರ ಉತ್ತರ ಬಂತು. ಅದರಲ್ಲಿ ಮದ್ದು ಇರಲಿಲ್ಲ, ಪ್ರಶ್ನೆಗಳಿದ್ದವು. ನಿಲ್ಲುವ ಮುಂಚೆ ಹೊಗೆ ಯಾವ ಬಣ್ಣ? ಎಂಜಿನ್ ಆಯಿಲ್ ಕಡ್ಡಿಯಲ್ಲಿ ಏರಿದೆಯೋ ಇಳಿದಿದೆಯೋ? ರೇಡಿಯೇಟರಿನ ನೀರು ಕಡಿಮೆಯಾಗುತ್ತಿದೆಯೇ? ಖಾಲಿ ಓಡಿಸಿದರೂ ನಿಲ್ಲುತ್ತದೆಯೇ, ಭಾರ ಬಿದ್ದಾಗ ಮಾತ್ರವೇ?

ಒಂದೊಂದು ಪ್ರಶ್ನೆ ಯಾಕೆ ಎಂಬುದನ್ನೂ ಹೇಳಿದರು. ಹೊಗೆ ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಇಲ್ಲವೇ ಡೀಸೆಲ್ ಹೆಚ್ಚಾಗಿದೆ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ಹೋಗುತ್ತಿದೆ. ಆಯಿಲ್ ಏರಿದ್ದರೆ ಅದರಲ್ಲಿ ನೀರೋ ಡೀಸೆಲ್ಲೋ ಸೇರಿದೆ. ನಮ್ಮದು ಹೊಗೆಯೇ ಇಲ್ಲದೆ ನಿಲ್ಲುತ್ತಿತ್ತು, ಆಯಿಲ್ ಇದ್ದಲ್ಲೇ ಇತ್ತು. "ಹಾಗಾದರೆ ಡೀಸೆಲ್ ತಲುಪುತ್ತಿಲ್ಲ. ಪಂಪ್ ಮುಟ್ಟಬೇಡಿ, ಟ್ಯಾಂಕಿನಿಂದ ಶುರು ಮಾಡಿ" ಎಂದರು.

ಮರುದಿನ ಬೆಳಿಗ್ಗೆ ಅವರು ಹೇಳಿದಂತೆ ಮೊದಲು ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟು ಓಡಿಸಿದೆವು. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಒಳಗೆ ಗಾಳಿ ಹೋಗದೆ ಡೀಸೆಲ್ ಕೆಳಗೆ ಇಳಿಯುವುದಿಲ್ಲವಂತೆ. ನಮ್ಮದು ಅದಾಗಿರಲಿಲ್ಲ, ಗಾಡಿ ಮತ್ತೆ ನಿಂತಿತು. ನಿಂತ ಕೂಡಲೇ ಟ್ಯಾಂಕಿನಿಂದ ಬರುವ ಪೈಪನ್ನು ಮುಂದಿನ ತುದಿಯಲ್ಲಿ ಬಿಚ್ಚಿ ಬಾಟಲಿಗೆ ಹಿಡಿಯಲು ಹೇಳಿದ್ದರು. ಹನಿ ಹನಿಯಾಗಿ ಬಂತು. ಸ್ವಲ್ಪ ತಡೆದು ಹಿಡಿದರೆ ಧಾರೆಯಾಗಿ ಬಂತು. ಅದರ ವಿಡಿಯೋ ನೋಡಿದ್ದೇ ತಡ ಆ ಹಿರಿಯರು, "ಟ್ಯಾಂಕಿನಲ್ಲಿ ಏನೋ ತೇಲುತ್ತಿದೆ. ಡೀಸೆಲ್ ಹರಿಯುವಾಗ ಬಾಯಿಗೆ ಬಂದು ಕೂರುತ್ತದೆ, ಎಂಜಿನ್ ನಿಂತ ಮೇಲೆ ಬಿಟ್ಟು ಹೋಗುತ್ತದೆ" ಎಂದರು. ಟ್ಯಾಂಕ್ ಖಾಲಿ ಮಾಡಿ ತೊಳೆದಾಗ ಗೋಣಿಚೀಲದ ಒಂದು ಚೂರು ಸಿಕ್ಕಿತು. ಕ್ಯಾನಿನ ಬಾಯಿಗೆ ಸುತ್ತಿದ್ದ ಗೋಣಿಯದೇ ಇರಬೇಕು.

ಆಮೇಲೆ ಹೊಸ ಫಿಲ್ಟರ್ ಹಾಕಿ, ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ ತೆಗೆಯುವುದನ್ನು ವಿಡಿಯೋ ಕರೆಯಲ್ಲಿ ಹೇಳಿಕೊಟ್ಟರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಬೇಕು, ಆಮೇಲೆ ಬಿಗಿ ಮಾಡಬೇಕು. ಪಂಪಿನ ಹತ್ತಿರವೂ ಹಾಗೆಯೇ. ಅವಸರ ಮಾಡಿದರೆ ಮತ್ತೆ ಮೊದಲಿನಿಂದ. ನಿನ್ನ ತಮ್ಮ ಸ್ಪ್ಯಾನರ್ ಹಿಡಿದಿದ್ದ, ಅವರು ಅವನನ್ನೇ ಮಾತನಾಡಿಸುತ್ತಾ ಮಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಗದ್ದೆಯಲ್ಲಿತ್ತು. ಖರ್ಚಾದದ್ದು ಫಿಲ್ಟರಿನ ದುಡ್ಡು ಮಾತ್ರ. ಪಂಪ್ ಇವತ್ತಿಗೂ ಬಿಚ್ಚಿಲ್ಲ.

ನನಗೆ ಮುಖ್ಯವೆನಿಸಿದ್ದು ಉಳಿದ ದುಡ್ಡಲ್ಲ. ನಾನು ಸಣ್ಣವನಿದ್ದಾಗಿನಿಂದ ಎಷ್ಟೋ ಮೇಸ್ತ್ರಿಗಳನ್ನು ಕಂಡಿದ್ದೇನೆ. ಮುಖ್ಯವಾದ ಕೆಲಸ ಬಂದ ಕೂಡಲೇ ಪಕ್ಕದಲ್ಲಿರುವ ಹುಡುಗನನ್ನು ಚಹಾ ತರಲು ಕಳಿಸುವವರೇ ಹೆಚ್ಚು. ಅವರನ್ನು ಬಯ್ಯಲಾರೆ, ಆ ಗುಟ್ಟೇ ಅವರ ಅನ್ನ. ಈ ಹಿರಿಯರು ಅನ್ನ ದುಡಿದುಕೊಂಡ ಅದೇ ಗುಟ್ಟನ್ನು ಕೇಳಿದವರ ಮುಂದೆಲ್ಲ ಬಿಚ್ಚಿಡುತ್ತಿದ್ದಾರೆ. ಕನ್ನಡದಲ್ಲಿ ಕೇಳಿದರೆ ಕನ್ನಡ, ಸಾಂಗ್ಲಿಯವರು ಕೇಳಿದರೆ ಹಿಂದಿ, ಅನಂತಪುರದವರಿಗೆ ತಿಳಿದಷ್ಟು ತೆಲುಗು. ಒಬ್ಬರಿಗೆ ಕೊಟ್ಟ ಉತ್ತರವನ್ನು ಉಳಿದವರೂ ಕೇಳಲಿ ಎಂದು ತೆರೆದಿಡುತ್ತಾರೆ. ಈಗ ನಾನು ಸಂಜೆ ಆ ಉತ್ತರಗಳನ್ನು ಕೇಳುತ್ತಾ ಕೂರುತ್ತೇನೆ. ದೇವದುರ್ಗದ ಕಡೆಯ ರೈತರೊಬ್ಬರು ಎರಡು ಸಿಲಿಂಡರಿನ ಎಚ್‌ಎಂಟಿ 2511ಕ್ಕೆ ಸಾಮಾನು ಸಿಗದೆ ಕಂಗೆಟ್ಟಿದ್ದರು. ಜೆಟಾರ್‌ನವರು ಎರಡು, ಮೂರು, ನಾಲ್ಕು ಸಿಲಿಂಡರಿನ ಎಂಜಿನ್‌ಗಳನ್ನು ಒಂದೇ ಕುಟುಂಬವಾಗಿ ರೂಪಿಸಿದ್ದರು, ಎಷ್ಟೋ ಭಾಗಗಳು ಒಂದಕ್ಕೊಂದು ಹೊಂದುತ್ತವೆ, ನಂಬರ್ ತಾಳೆ ನೋಡಿ ಕೊಳ್ಳಿ ಎಂದು ಅವರಿಗೆ ಹೇಳಿದರು. ಇನ್ನೊಬ್ಬರಿಗೆ ಹೈಡ್ರಾಲಿಕ್ ತೊಂದರೆ. ಭಾರ ಎತ್ತಿ ಎಂಜಿನ್ ಬಂದ್ ಮಾಡಿ ನೋಡಿ, ಎತ್ತಿದ್ದು ತಾನಾಗಿ ಇಳಿದರೆ ಒಳಗೆ ಎಲ್ಲೋ ಸೋರುತ್ತಿದೆ, ಎತ್ತುವುದೇ ಇಲ್ಲವೆಂದರೆ ಮೊದಲು ಎಣ್ಣೆ ಮತ್ತು ಪಂಪ್ ನೋಡಿ ಎಂದರು.

ತಿಳಿಯದ್ದನ್ನು ತಿಳಿಯದು ಎನ್ನುತ್ತಾರೆ, ಅದು ನನಗೆ ಇನ್ನೂ ಹೆಚ್ಚು ಹಿಡಿಸಿತು. ಬೇರಿಂಗ್ ಸದ್ದನ್ನು ಮೊಬೈಲಿನಲ್ಲಿ ಕೇಳಿ ತೀರ್ಪು ಹೇಳಲಾರೆ, ಹತ್ತಿರದ ಮೇಸ್ತ್ರಿಗೆ ತೋರಿಸಿ ಎನ್ನುತ್ತಾರೆ. ಪಂಪಿನ ಅಳತೆ ಕೂಡಿಸುವುದಕ್ಕೆ ಯಂತ್ರವೇ ಬೇಕು, ಮನೆಯಲ್ಲಿ ಬಿಚ್ಚಬೇಡಿ ಎನ್ನುತ್ತಾರೆ. ಅವರಿಗೆ ಸಿಟ್ಟು ಬಂದದ್ದನ್ನು ಒಮ್ಮೆ ಮಾತ್ರ ಕೇಳಿದ್ದೇನೆ. ಒಬ್ಬ ಹುಡುಗ ಹಿಂದಿನ ಗಾಲಿಯ ಮುಂದೆ ನೆಲದ ಮೇಲೆ ನಿಂತು, ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಹಚ್ಚಿ ಗಾಡಿ ಸ್ಟಾರ್ಟ್ ಮಾಡುವ ವಿಡಿಯೋ ಕಳಿಸಿದ್ದ. ಗೇರಿನಲ್ಲಿದ್ದರೆ ಗಾಡಿ ನಿನ್ನ ಮೇಲೆಯೇ ಹತ್ತುತ್ತದೆ, ನಿನ್ನ ತಾಯಿಗೆ ಯಾರು ಉತ್ತರ ಹೇಳಬೇಕು ಎಂದು ಗದರಿದರು. ನಾಜಲ್ ಬಿಚ್ಚಿ ಪರೀಕ್ಷೆ ಮಾಡುವಾಗ ಮುಂದೆ ಕೈ ಒಡ್ಡಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ ಎಂದು ಪ್ರತಿ ಸಲವೂ ನೆನಪಿಸುತ್ತಾರೆ. ನಿನ್ನ ತಮ್ಮನಿಗೂ ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀನು ಗಾಬರಿಯಿಂದ ಫೋನ್ ಮಾಡುತ್ತಲೇ ಇದ್ದೆ. ನಮ್ಮ ಬೆಳೆ, ಕುಡಿಯುವ ನೀರು ಎಲ್ಲವೂ ಆ ಒಂದು ಗೇಟಿನಲ್ಲಿ ಹರಿದುಹೋಗುತ್ತಿತ್ತು. ಆಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನಿಂತು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ, ನೀರು ತಡೆಯುವ ಉಕ್ಕಿನ ತಡೆಗಳನ್ನು ಇಳಿಸುವ ಕೆಲಸಕ್ಕೆ ದಾರಿ ತೋರಿಸಿದ್ದನ್ನು ಇಡೀ ಸೀಮೆ ಟಿವಿಯಲ್ಲಿ ಉಸಿರು ಬಿಗಿಹಿಡಿದು ನೋಡಿತು. ಹಳೆಯ ಕಬ್ಬಿಣದ ಗುಣ ಬಲ್ಲ ಹಿರಿಯರು ನಮಗೆ ಎಷ್ಟು ಬೇಕು ಎಂದು ನನಗೆ ಅಂದೇ ಮನದಟ್ಟಾಯಿತು. ಒಂದು ಟ್ರ್ಯಾಕ್ಟರ್ ದೊಡ್ಡದಲ್ಲ ನಿಜ. ಆದರೆ ಎರಡೆಕರೆ, ಮೂರೆಕರೆಯವನಿಗೆ ನಾಟಿಯ ವಾರದಲ್ಲಿ ಅದೇ ಜಲಾಶಯ. ಅಂಥವನು ಕರೆದಾಗ ಬರುವವರು ಇವರೊಬ್ಬರೇ.

ಅವರ ಬ್ಯಾಂಕ್ ಖಾತೆ ನಂಬರ್ ಕೇಳಿದೆ. "ಆ ದುಡ್ಡಿಗೆ ಡೀಸೆಲ್ ಹಾಕಿಸಿ" ಎಂದರು. ಎರಡು ದಿನ ಬಿಟ್ಟು ತಾವೇ ಒಂದು ಮಾತು ಕೇಳಿದರು: 3511ರ ಜೊತೆಗೆ ಕೊಡುತ್ತಿದ್ದ ಕೈಪಿಡಿ ನಿಮ್ಮ ಹತ್ತಿರ ಇದೆಯೇ ಎಂದು. ತಾತ ಅದನ್ನು ರಸೀದಿಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಬಹಳ ಜನರ ಹತ್ತಿರ ಅದು ಇಲ್ಲವಂತೆ. ಎಂಜಿನ್ ಹೆಡ್ಡಿನ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಬೇಕು, ವಾಲ್ವಿನ ಸಂದು ಎಷ್ಟಿರಬೇಕು ಎಂಬುದನ್ನೆಲ್ಲ ಅಂದಾಜಿನಲ್ಲಿ ಮಾಡಿ ಗಾಡಿ ಕೆಡಿಸಿಕೊಳ್ಳುತ್ತಾರೆ ಎಂದು ಅವರ ಸಂಕಟ.

ನೀನು ದೀಪಾವಳಿಗೆ ಬಂದಾಗ ಅಂಗಳದ ಬೆಳಕಿನಲ್ಲಿ, ನೆರಳು ಬೀಳದ ಹಾಗೆ ಅದರ ಎಲ್ಲ ಪುಟಗಳ ಫೋಟೋ ತೆಗೆದು ಅವರಿಗೆ ಕಳಿಸು. ಕೆಲವು ಪುಟಗಳು ಗ್ರೀಸ್ ಹತ್ತಿ ಅಂಟಿಕೊಂಡಿವೆ. ಹರಿದಾವು ಎಂದು ನಾನು ಬಿಡಿಸಲು ಹೋಗಿಲ್ಲ, ನಿನ್ನ ಕೈಯೇ ಆಗಬೇಕು. ತಿರುಗಿ ಹುಬ್ಬಳ್ಳಿಗೆ ಹೋದ ಮೇಲೆ ಒಂದು ಭಾನುವಾರ ಹಾವೇರಿಗೆ ಹೋಗಿ ಬಾ. ಹಳೆಯ ಸೋನಾ ಮಸೂರಿ ಅಕ್ಕಿ ಒಂದು ಚೀಲ ತೆಗೆದಿಟ್ಟಿದ್ದೇನೆ, ಈ ವರ್ಷದ ಹೊಸ ಅಕ್ಕಿ ಅನ್ನಕ್ಕೆ ಅಷ್ಟು ಹೊಂದುವುದಿಲ್ಲ. ಅವರ ಕೈಗೆ ಕೊಟ್ಟರೆ ಬೇಡ ಎನ್ನುತ್ತಾರೆ, ಅವರ ಮನೆಯ ಅಮ್ಮನವರ ಕೈಗೆ ಕೊಡು. ಇಬ್ಬರಿಗೂ ನಮಸ್ಕಾರ ಮಾಡಿ, ಸಿಂಧನೂರಿನ ಗಾಡಿ ನಾಟಿ ಮುಗಿಸಿತು ಎಂದು ಹೇಳು.

ಇಂತಿ,
ನಿನ್ನ ಅಪ್ಪ