ಅಂಕ ಹಾಕುವವರೇ ಆಪ್ತಸಮಾಲೋಚಕರಾಗಬಾರದು

ಮಾನ್ಯರೇ,

ಪಿಡುಗಿನ ಹೊತ್ತಿನಲ್ಲಿ ದುಡಿಯುವ ವೈದ್ಯಕೀಯ ವಿದ್ಯಾರ್ಥಿಗಳ ಮನಸ್ಸಿನ ಆರೈಕೆಯ ಬಗ್ಗೆ ಈ ಪತ್ರ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಂಟರ್ನ್‌ಗಳನ್ನು, ಅಂದರೆ ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿರುವವರನ್ನು, ಕೋವಿಡ್ ಕೆಲಸಕ್ಕೆ ನಿಯೋಜಿಸಲು ತೀರ್ಮಾನಿಸಿತು. ಎಂಬಿಬಿಎಸ್ ಅಂತಿಮ ವರ್ಷದವರನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಫೋನ್ ಸಲಹೆಗೆ, ಸೌಮ್ಯ ಲಕ್ಷಣದ ರೋಗಿಗಳ ನಿಗಾಕ್ಕೆ ಬಳಸಿಕೊಳ್ಳಬಹುದು ಎಂದಿತು. ಸ್ನಾತಕೋತ್ತರ ವೈದ್ಯಕೀಯ ಪ್ರವೇಶದ ನೀಟ್-ಪಿಜಿ ಪರೀಕ್ಷೆ ಕನಿಷ್ಠ ನಾಲ್ಕು ತಿಂಗಳು ಮುಂದೆ ಹೋಯಿತು. ವಾರ್ಡಿನಲ್ಲಿ ಸಾವು, ಮುಂದೇನು ಎಂಬ ಅನಿಶ್ಚಿತತೆ ಎರಡನ್ನೂ ವಿದ್ಯಾರ್ಥಿಗಳು ಒಟ್ಟಿಗೇ ಹೊರಬೇಕಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೇ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮುಂದಿನ ಪಿಡುಗು ಬಂದಾಗಲೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡುಗಳಲ್ಲಿ ನಿಲ್ಲುವವರು ಇದೇ ಮಕ್ಕಳು. ಅವರ ಮನಸ್ಸಿನ ಆರೈಕೆಗೆ ವ್ಯವಸ್ಥೆ ಈಗಲೇ ಆಗಬೇಕು.

ಸಾಮಾನ್ಯವಾಗಿ ವಿದ್ಯಾರ್ಥಿಗಳ ಮಾರ್ಗದರ್ಶಕ (ಮೆಂಟರ್) ಆಗಿರುವ ಅಧ್ಯಾಪಕರಿಗೇ ಆಪ್ತಸಮಾಲೋಚನೆಯ ಹೊಣೆಯೂ ಬೀಳುತ್ತದೆ. ಅವರು ಎಷ್ಟೇ ಒಳ್ಳೆಯವರಿರಲಿ, ನಾಳೆ ಮೌಖಿಕ ಪರೀಕ್ಷೆಯಲ್ಲಿ (ವೈವಾ) ಎದುರು ಕೂರುವವರ ಮುಂದೆ 'ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ' ಎಂದು ವಿದ್ಯಾರ್ಥಿ ಬಾಯಿ ಬಿಡುವುದು ಕಷ್ಟ. ಅದೇ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದರೆ ಕೇಸ್ ಶೀಟ್ ಬರೆಯಲು ಸಹಪಾಠಿಯೇ ಕೂತಿರುತ್ತಾನೆ. ಹೀಗಾಗಿ ಕಾಲೇಜಿನ ಸಂಬಳ ಪಟ್ಟಿಯಲ್ಲಿಲ್ಲದ ಆಪ್ತಸಮಾಲೋಚಕರೊಬ್ಬರು ಬೇಕು. ಸಂಜೆ ಹೊತ್ತು, ಆಸ್ಪತ್ರೆಯಿಂದ ಹೊರಗಿನ ಕೋಣೆಯಲ್ಲಿ ಸಿಗಬೇಕು. ರಾತ್ರಿ ಹೊತ್ತಿಗೆ 14416 ಇದೆ. ಇದು ಟೆಲಿ-ಮಾನಸ್ ಸಹಾಯವಾಣಿ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ಹಾಸ್ಟೆಲಿನ ಪ್ರತಿ ಕೋಣೆಯ ಬಾಗಿಲ ಹಿಂದೆ ಅಂಟಿಸಿರಬೇಕು. ನೋಟಿಸ್ ಬೋರ್ಡ್ ಮುಂದೆ ನಿಂತು ಅದನ್ನು ಬರೆದುಕೊಳ್ಳಲು ಬಹಳ ಮಂದಿ ಮುಜುಗರಪಡುತ್ತಾರೆ.

ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ತಿಂಗಳಿಗೊಮ್ಮೆ ತುಂಬಿಸುವುದು ಒಳ್ಳೆಯದೇ. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಆದರೆ ಹೆಸರು ಬರೆಸಿ ಫಾರಂ ಕಚೇರಿಗೆ ತರಿಸಿದರೆ ಎಲ್ಲರೂ ಸೊನ್ನೆಗೇ ಗುರುತು ಹಾಕುತ್ತಾರೆ. ಹೆಸರೇ ಬೇಡವೆಂದರೆ, ಬದುಕು ಸಾಕೆನಿಸುತ್ತಿದೆಯೇ ಎಂದು ಕೇಳುವ ಒಂಬತ್ತನೇ ಪ್ರಶ್ನೆಗೆ 'ಹೌದು' ಎಂದವರು ಯಾರೆಂದೇ ಗೊತ್ತಾಗುವುದಿಲ್ಲ. ಇದಕ್ಕೆ ದಾರಿ ಕೋಡ್ ಸಂಖ್ಯೆ. ಕೋಡ್ ಯಾರದೆಂಬ ಪಟ್ಟಿ ಹೊರಗಿನ ಸಮಾಲೋಚಕರ ಬಳಿ ಮಾತ್ರ ಇರಲಿ. ಒಂಬತ್ತನೇ ಪ್ರಶ್ನೆಗೆ ಒಂದು ಅಂಕ ಬಿದ್ದರೂ, ಒಟ್ಟು ಎಷ್ಟೇ ಇರಲಿ, ಅದೇ ದಿನ ಸಮಾಲೋಚಕರು ಆ ವಿದ್ಯಾರ್ಥಿಗೆ ಫೋನ್ ಮಾಡಬೇಕು. ಹೀಗೆ ಮಾಡುವುದಾಗಿ ಫಾರಂನಲ್ಲೇ ಮೊದಲು ತಿಳಿಸಿರಬೇಕು.

ಇನ್ನು ಡ್ಯೂಟಿ ಪಟ್ಟಿ. ನಿದ್ದೆಗೆಟ್ಟವರಿಗೆ ಧ್ಯಾನ ಶಿಬಿರ ಮಾಡಿ ಪ್ರಯೋಜನವಿಲ್ಲ. ಸತತ ರಾತ್ರಿ ಪಾಳಿ ಮೂರು, ಹೆಚ್ಚೆಂದರೆ ನಾಲ್ಕು. ಆಮೇಲೆ ಪೂರ್ತಿ 24 ಗಂಟೆ ಬಿಡುವು. ಕಾಗದದ ಮೇಲೆ ಇದು ಇದ್ದರೂ ತಪ್ಪುವುದು ಬೆಳಿಗ್ಗೆ ಎಂಟಕ್ಕೆ. 'ರೌಂಡ್ಸ್ ಮುಗಿಸಿಕೊಂಡು ಹೋಗು' ಎಂಬ ಒಂದು ಮಾತಿಗೆ ಮಧ್ಯಾಹ್ನವಾಗುತ್ತದೆ. ಡ್ಯೂಟಿ ಹಸ್ತಾಂತರದ ಸಮಯ ಬರೆದು ಸಹಿ ಹಾಕಿಸುವ ಪುಸ್ತಕವಿದ್ದರೆ ಇದು ನಿಲ್ಲುತ್ತದೆ. ರಾತ್ರಿ ಪಾಳಿಯವರಿಗೆ ಹಾಸ್ಟೆಲಿನಲ್ಲಿ ಬೇರೆ ಮಹಡಿ, ಕಿಟಕಿಗೆ ದಪ್ಪ ಪರದೆ ಬೇಕು. ಪಿಪಿಇ ಕಿಟ್ ತೊಟ್ಟರೆ ಶೌಚಕ್ಕೆ ಹೋಗುವಂತಿಲ್ಲವೆಂದು ನೀರೇ ಕುಡಿಯದೆ ಒಳಗೆ ಹೋಗುತ್ತಾರೆ; ಕೊನೆಗೆ ತಲೆನೋವು, ಉರಿಮೂತ್ರ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕಿಟ್‌ನೊಳಗೆ ಒಂದು ಸಲಕ್ಕೆ ನಾಲ್ಕು ಗಂಟೆ ಸಾಕು. ನಿದ್ದೆಗೆಂದು ತಾವೇ ಆಲ್ಪ್ರಜೋಲಂ ಮಾತ್ರೆ ನುಂಗುವವರಿಗೆ ಒಂದು ಮಾತು: ಕೆಲವೇ ವಾರಗಳಲ್ಲಿ ಅದು ಚಟವಾಗುತ್ತದೆ.

ರೋಗಿ ತೀರಿಕೊಂಡ ಸುದ್ದಿಯನ್ನು ಮನೆಯವರಿಗೆ ಫೋನಿನಲ್ಲಿ ತಿಳಿಸುವ ಕೆಲಸವನ್ನು ಇಂಟರ್ನ್ ಒಬ್ಬರ ತಲೆಗೇ ಕಟ್ಟಬಾರದು. ಹಿರಿಯರು ಪಕ್ಕದಲ್ಲಿರಲಿ, ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿ, ಚಹಾ ಕೊಡಿಸಿ, ಮುಂದಿನ ಕೆಲಸ ಬೇರೆಯವರಿಗೆ ವಹಿಸಲಿ. ಆದರೆ ಅಂದೇ ಎಲ್ಲರನ್ನೂ ಸುತ್ತ ಕೂರಿಸಿ, ಕಂಡದ್ದನ್ನೆಲ್ಲ ಬಲವಂತವಾಗಿ ಹೇಳಿಸುವ ಪದ್ಧತಿ ಬೇಡ. ಅದರಿಂದ ಆಘಾತ ತಗ್ಗುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು. ಎರಡು ವಾರ ಕಳೆದು ಮತ್ತೆ ವಿಚಾರಿಸುವುದು ಮೇಲು.

ಪಿಡುಗಿನ ಹೊತ್ತಿನಲ್ಲಿ ಮನೆಗೆ ಕಳಿಸಿದ ವಿದ್ಯಾರ್ಥಿಗಳನ್ನೂ ಮರೆಯುವಂತಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಮಕ್ಕಳು ಗುಡ್ಡ ಹತ್ತಿದ್ದನ್ನು ನಾಡೇ ನೋಡಿದೆ. ಮಳೆಗಾಲದಲ್ಲಿ ಕರೆಂಟೂ ಕೈಕೊಡುತ್ತದೆ. ಅಲ್ಲಿ ವಿಡಿಯೊ ಸಮಾಲೋಚನೆ ನಡೆಯದು. ಗೊತ್ತುಪಡಿಸಿದ ಹೊತ್ತಿಗೆ ಬರುವ ಸಾದಾ ಫೋನ್ ಕರೆಯೇ ಸರಿ. ತುಂಬಿದ ಮನೆಯಲ್ಲಿ ಮನಸ್ಸು ಬಿಚ್ಚಲಾಗದವರು ತೋಟದ ಕಡೆ ಹೋಗಿ ಮಾತಾಡಬಹುದು. ಪಾಠಗಳನ್ನು ಕಡಿಮೆ ಡೇಟಾದ ಆಡಿಯೊ ಮಾಡಿ ಕಳಿಸಲಿ. ಲೈವ್ ಲಾಗಿನ್ ನೋಡಿ ಹಾಜರಿ ಹಾಕುವುದನ್ನು ಬಿಡಲಿ.

ಎಷ್ಟೋ ಮಂದಿ ಚಿಕಿತ್ಸೆ ಮುಂದೂಡುವುದು ಹಾಜರಿಯ ಭಯಕ್ಕೆ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಮಾನಸಿಕ ಚಿಕಿತ್ಸೆಗೆ ಹೋದ ದಿನಗಳನ್ನು, ಕಾರಣ ಬರೆಸದೆ, ಇತರ ವೈದ್ಯಕೀಯ ರಜೆಯಂತೆಯೇ ಪರಿಗಣಿಸಿ, ತಪ್ಪಿದ ಪ್ರಾಕ್ಟಿಕಲ್‌ಗಳನ್ನು ಮತ್ತೆ ಮಾಡಲು ಅವಕಾಶ ಕೊಡುವ ಲಿಖಿತ ಆದೇಶವನ್ನು ಕಾಲೇಜುಗಳು ಈ ಶೈಕ್ಷಣಿಕ ವರ್ಷದಲ್ಲೇ ಹೊರಡಿಸಬೇಕೆಂದು ಕೋರುತ್ತೇವೆ.

– ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಗೆಳೆಯರು, ಶಿವಮೊಗ್ಗ