ವಾಲ್ವ್ ಆಂಪ್‌ನ ಪವರ್ ಸಪ್ಲೈ ಬಿಡಿಸಿಕೊಟ್ಟ ಹಿರಿಯರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ನಮ್ಮ ಬಿಲ್ಲಿನ ಹಿಂಬದಿಗೆ, ನಮ್ಮ ವಾಲ್ವ್ ಆಂಪ್‌ನ (ಗಾಜಿನ ವಾಲ್ವ್‌ಗಳಿಂದ ನಡೆಯುವ ಆಡಿಯೋ ಆಂಪ್ಲಿಫೈಯರ್) ಇಡೀ ಪವರ್ ಸಪ್ಲೈ ಚಿತ್ರ ಬಿಡಿಸಿಕೊಟ್ಟು, ಹೆಸರೂ ಹೇಳದೆ ಹೊರಟ ಹಿರಿಯರೇ, ನಿಮಗೆ ನಮ್ಮಿಬ್ಬರ ಧನ್ಯವಾದ.

ಎರಡು ಇಎಲ್84, ಒಂದು ಇಸಿಸಿ83 ವಾಲ್ವ್ ಸೇರಿ ಸುಮಾರು 110 ಮಿಲಿಆಂಪ್ ಎಳೆಯುತ್ತವೆ. ಅದಕ್ಕೆ ನೀವು ಬರೆದದ್ದು 250-0-250 ವೋಲ್ಟ್ ಟ್ರಾನ್ಸ್‌ಫಾರ್ಮರ್, ಇಝಡ್81 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್), 47 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಹೆನ್ರಿ ಚೋಕ್ (ಕಬ್ಬಿಣದ ಮೇಲೆ ಸುತ್ತಿದ ತಂತಿಯ ಸುರುಳಿ), ಆಮೇಲೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೊದಲ ಕೆಪಾಸಿಟರ್ 50 ದಾಟಬಾರದು ಎಂದು ಎರಡು ಗೆರೆ ಎಳೆದಿರಿ. ಹಮ್ (ಸ್ಪೀಕರಿನ ಗುಂಯ್‌ಗುಡುವ ಸದ್ದು) ಕಡಿಮೆಯಾಗಲೆಂದು ಎಲ್ಲರೂ ಅಲ್ಲೇ ದೊಡ್ಡದನ್ನು ಹಾಕುತ್ತಾರೆ. ಚಾರ್ಜಿಂಗ್ ಕರೆಂಟ್ ಏರಿ ರೆಕ್ಟಿಫೈಯರ್ ಒಳಗೆ ಕಿಡಿ ಹಾರುತ್ತದೆ.

ಚೋಕ್ ದುಬಾರಿ, ಭಾರ ಬೇರೆ. ಆದರೂ ಲೆಕ್ಕ ನಿಮ್ಮ ಕಡೆಗೇ ಇದೆ. ಅದರ ಜಾಗದಲ್ಲಿ 220 ಓಮ್ ರೆಸಿಸ್ಟರ್ ಹಾಕಿದರೆ ಅದು 24 ವೋಲ್ಟ್ ನುಂಗಿ 100 ಹರ್ಟ್ಜ್ ರಿಪಲ್ಲನ್ನು (ಡಿಸಿಯಲ್ಲಿ ಉಳಿದ ಏರಿಳಿತ) 14 ಪಟ್ಟು ಇಳಿಸಿದರೆ, ಚೋಕ್ ಹತ್ತಿರ ಹತ್ತಿರ 400 ಪಟ್ಟು ಇಳಿಸುತ್ತದೆ.

ಕೆಪಾಸಿಟರ್ 450 ವೋಲ್ಟಿನದೇ ಬೇಕು. ಇಎಲ್84 ಕಿತ್ತಿಟ್ಟು ಆನ್ ಮಾಡಿದರೆ 350 ದಾಟುತ್ತದೆ; ರಾತ್ರಿ ಮೇನ್ಸ್ 250ಕ್ಕೆ ಏರಿದರೆ 380.

ನಿಜವಾದ ಉಪಕಾರ ಮಾತ್ರ ಮೂಲೆಯ ಬಾಣದ ಗುರುತಿನದು: ಮೊದಲ ಕೆಪಾಸಿಟರ್‌ನ ನೆಗೆಟಿವ್‌ನಿಂದ ಸೆಂಟರ್ ಟ್ಯಾಪ್‌ಗೆ (ಟ್ರಾನ್ಸ್‌ಫಾರ್ಮರ್ ಸುರುಳಿಯ ನಡುವಿನ ತಂತಿ) ನೇರ, ಗಿಡ್ಡ ವೈರ್. ಆಡಿಯೋ ಗ್ರೌಂಡ್ ಎರಡನೇ ಕೆಪಾಸಿಟರ್‌ನಿಂದ ಹೊರಡಬೇಕು, ಚಾಸಿಗೆ (ಲೋಹದ ಚೌಕಟ್ಟಿಗೆ) ಇನ್‌ಪುಟ್ ಸಾಕೆಟ್ ಬಳಿ ಒಂದೇ ಕಡೆ ಸೇರಬೇಕು. ಮೇನ್ಸ್ ಅರ್ತ್ ಪ್ರತ್ಯೇಕ ಬೋಲ್ಟಿಗೆ. ಚಾರ್ಜಿಂಗ್ ಪಲ್ಸ್ ಆಡಿಯೋ ಗ್ರೌಂಡಿಗೆ ಹರಿದರೆ ಬರುವ ಆ ಒರಟು 'ಝರ್ರ್' ಯಾವ ಫಿಲ್ಟರಿಗೂ ಬಗ್ಗುವುದಿಲ್ಲ.

ಆಫ್ ಮಾಡಿದ ಮೇಲೆ ಕೆಪಾಸಿಟರ್ ಖಾಲಿಯಾಗಲೆಂದು 220 ಕಿಲೋಓಮ್, 2 ವಾಟ್ ಬ್ಲೀಡರ್ ರೆಸಿಸ್ಟರ್ ಹಾಕಿದ್ದೇವೆ. ವಾಲ್ವ್ ಇಲ್ಲದಾಗ 50 ವೋಲ್ಟಿಗೆ ಇಳಿಯಲು ಅದಕ್ಕೂ ಒಂದು ನಿಮಿಷದ ಮೇಲೆ ಹಿಡಿಯುತ್ತದೆ. ನೀವು ಹೇಳಿದಂತೆ ಮೀಟರ್ ಇಟ್ಟೇ ಕೈ ಹಾಕುತ್ತೇವೆ.